ಮುಲ್ತಾನಿ ಮಿಟ್ಟಿ ಬಿರಿಯುವ ಮೊದಲೇ ತೊಳೆಯಿರಿ: ಎಣ್ಣೆ ಮುಖಕ್ಕೆ, ಮೊಡವೆಗೆ ಮಣ್ಣಿನ ಪ್ಯಾಕ್ ಹಾಕುವ ಕ್ರಮ

ಮುಖಕ್ಕೆ ಮುಲ್ತಾನಿ ಮಿಟ್ಟಿ ಬಳಿದುಕೊಂಡು ಫ್ಯಾನಿನ ಕೆಳಗೆ ಕೂರುವುದು, ಅದು ಒಣಗಿ ಬಿರುಕು ಬಿಡುವವರೆಗೆ ನಗದೆ ಮಾತಾಡದೆ ಕಾಯುವುದು, ಆಮೇಲೆ ಉಜ್ಜಿ ಉದುರಿಸುವುದು. ಎಷ್ಟೋ ಮನೆಗಳಲ್ಲಿ ನಡೆದುಬಂದ ಕ್ರಮ ಇದು. ಮುಖ ಬಿಗಿದಷ್ಟೂ ಒಳಗಿನ ಕೊಳೆ ಕಿತ್ತು ಬರುತ್ತದೆ ಎಂಬ ನಂಬಿಕೆ ಇದರ ಹಿಂದಿದೆ. ಮೊಡವೆ ಮುಖಕ್ಕೆ ಪೆಟ್ಟು ಬೀಳುವುದು ಈ ಕೊನೆಯ ಹತ್ತು ನಿಮಿಷದಲ್ಲೇ. ಮಣ್ಣು ಪೂರ್ತಿ ಒಣಗುವ ಹೊತ್ತಿಗೆ ಮೇಲಿನ ಎಣ್ಣೆಯನ್ನು ಹೀರಿ ಆಗಿರುತ್ತದೆ. ಆಮೇಲೆ ಅದು ಎಳೆಯುವುದು ಚರ್ಮಕ್ಕೆ ಬೇಕಾದ ನೀರನ್ನು. ಪ್ಯಾಕನ್ನು ಸರಿಯಾದ ಹದದಲ್ಲಿ ಕಲಸಿ ಸರಿಯಾದ ಹೊತ್ತಿಗೆ ತೆಗೆದರೆ ಎಣ್ಣೆ ಮುಖದವರಿಗೆ ಅದರಿಂದ ಖಂಡಿತ ಉಪಯೋಗವಿದೆ.

ಮಣ್ಣು ಎಲ್ಲಿಯವರೆಗೆ ಇಳಿಯುತ್ತದೆ?

ಚರ್ಮದ ಪ್ರತಿ ರಂಧ್ರದ ಬುಡದಲ್ಲಿ ಒಂದು ಎಣ್ಣೆ ಗ್ರಂಥಿ ಇರುತ್ತದೆ. ಅದು ಸ್ರವಿಸುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ರಂಧ್ರದ ಒಳಗೋಡೆಯಿಂದ ಉದುರಿದ ಸತ್ತ ಕೋಶಗಳು ಈ ಜಿಡ್ಡಿನಲ್ಲಿ ಅಂಟಿಕೊಂಡು ಬಿರಡೆಯಾಗುತ್ತವೆ. ಬಿರಡೆಯ ಬಾಯಿ ತೆರೆದಿದ್ದರೆ ಅದು ಬ್ಲ್ಯಾಕ್‌ಹೆಡ್, ಮುಚ್ಚಿದ್ದರೆ ವೈಟ್‌ಹೆಡ್. ಬ್ಲ್ಯಾಕ್‌ಹೆಡ್‌ನ ಕಪ್ಪು ಬಣ್ಣ ಧೂಳಿನದಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಮತ್ತು ಗಾಳಿ ಸೋಕಿದ ಜಿಡ್ಡು ಸೇರಿ ಆ ಬಣ್ಣ ಬರುತ್ತದೆ. ಹಾಗಾಗಿ ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಮುಚ್ಚಿದ ರಂಧ್ರದೊಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ಸುತ್ತ ಉರಿಯೂತ ಎದ್ದಾಗ ಕೆಂಪು ಮೊಡವೆ, ಕೀವಿನ ಮೊಡವೆ ಕಾಣಿಸಿಕೊಳ್ಳುತ್ತದೆ.

ಮಣ್ಣಿನ ಪ್ಯಾಕ್ ಮೇಲಿನ ಜಿಡ್ಡನ್ನೂ ರಂಧ್ರದ ಬಾಯಲ್ಲಿರುವ ಸ್ವಲ್ಪ ಎಣ್ಣೆಯನ್ನೂ ಹೀರುತ್ತದೆ, ಸಡಿಲವಾದ ಸತ್ತ ಕೋಶಗಳನ್ನು ಜೊತೆಗೆ ಒಯ್ಯುತ್ತದೆ. ಒಳಗೆ ಗಟ್ಟಿಯಾದ ಬಿರಡೆಯನ್ನು ಕೀಳಲು ಅದಕ್ಕಾಗದು. ಗ್ರಂಥಿ ಎಷ್ಟು ಎಣ್ಣೆ ಬಿಡಬೇಕು ಎಂಬುದನ್ನು ನಿರ್ಧರಿಸುವುದು ಹಾರ್ಮೋನು. ಪ್ಯಾಕ್ ಹಾಕಿದ ಕೆಲವೇ ಗಂಟೆಗಳಲ್ಲಿ ಮೂಗು ಮತ್ತೆ ಮಿನುಗಿದರೆ ಅದು ಮಣ್ಣಿನ ದೋಷವಲ್ಲ.

ರಂಧ್ರ ತೆರೆಯುವುದು, ಮುಚ್ಚುವುದು ಎಂಬ ಮಾತನ್ನೂ ಬಿಟ್ಟುಬಿಡಬೇಕು. ತೆರೆದು ಮುಚ್ಚಲು ಅದಕ್ಕೆ ಸ್ನಾಯುವೇ ಇಲ್ಲ. ಪ್ಯಾಕ್ ತೊಳೆದ ಮೇಲೆ ರಂಧ್ರ ಚಿಕ್ಕದಾಗಿ ಕಂಡರೆ, ಅದರೊಳಗಿನ ಜಿಡ್ಡು ಕಡಿಮೆಯಾಗಿ ನೆರಳು ಬೀಳದಿರುವುದೇ ಕಾರಣ. ಹಬೆ ಹಿಡಿದು ಮುಖ ಕೆಂಪಗೆ ಮಾಡಿಕೊಂಡು ಪ್ಯಾಕ್ ಹಾಕುವುದು, ಆಮೇಲೆ ಐಸ್ ಉಜ್ಜುವುದು, ಎರಡೂ ಅನಗತ್ಯ. ಉರಿಯುತ್ತಿರುವ ಮೊಡವೆಗೆ ಹಬೆ ಕೆಡುಕನ್ನೇ ಮಾಡಬಹುದು.

ಮೂಗಿನ ಮೇಲೆ ಒಂದೇ ಅಳತೆಯಲ್ಲಿ ಸಾಲಾಗಿ ಕಾಣುವ ಬೂದು ಚುಕ್ಕೆಗಳನ್ನು ಬಹಳ ಜನ ಬ್ಲ್ಯಾಕ್‌ಹೆಡ್ ಎಂದುಕೊಳ್ಳುತ್ತಾರೆ. ಹೆಚ್ಚಿನವು ಬರೀ ಎಣ್ಣೆಯ ಎಳೆಗಳು, ಎಲ್ಲರ ಮೂಗಿನಲ್ಲೂ ಇರುವಂಥವು. ಹಿಂಡಿ ತೆಗೆದರೆ ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ. ಮಣ್ಣಿನ ಪ್ಯಾಕಿನಿಂದ ಕಣ್ಣಿಗೆ ಕಾಣುವ ಫಲ ಸಿಗುವುದು ಮುಖ್ಯವಾಗಿ ಇವುಗಳ ಮೇಲೇ.

ಯಾವ ಮಣ್ಣು?

ನಮ್ಮಲ್ಲಿ ಸುಲಭವಾಗಿ ಸಿಗುವುದು ಮೂರು ಬಗೆ.

ಮುಲ್ತಾನಿ ಮಿಟ್ಟಿಗೆ ಈ ಹೆಸರು ಬಂದದ್ದು ಈಗ ಪಾಕಿಸ್ತಾನದಲ್ಲಿರುವ ಮುಲ್ತಾನ್ ನಗರದಿಂದ. ನಮ್ಮ ದೇಶದಲ್ಲಿ ಇದನ್ನು ರಾಜಸ್ಥಾನದ ಬಾಡ್ಮೇರ್, ಬಿಕಾನೇರ್ ಕಡೆ ತೆಗೆಯುತ್ತಾರೆ. ಹಿಂದೆ ಉಣ್ಣೆಯ ಜಿಡ್ಡು ತೆಗೆಯಲು ಬಳಸುತ್ತಿದ್ದ ಮಣ್ಣು ಇದೇ ಬಗೆಯದು. ಎಣ್ಣೆ ಹೀರುವ ಶಕ್ತಿ ಚೆನ್ನಾಗಿದೆ, ಎಣ್ಣೆ ಚರ್ಮಕ್ಕೆ ಹೊಂದುತ್ತದೆ.

ಬೆಂಟೊನೈಟ್ ಗುಜರಾತಿನ ಕಛ್, ರಾಜಸ್ಥಾನದ ಬಾಡ್ಮೇರ್ ಕಡೆಯ ಮಣ್ಣು. ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ, ಬೆಣ್ಣೆಯಂತೆ ನುಣುಪಾಗಿ ಹರಡುತ್ತದೆ. ಆದರೆ ಇದು ಸಾಕಷ್ಟು ಕ್ಷಾರೀಯ. ಹುಳಿ, ಕ್ಷಾರವನ್ನು ಅಳೆಯುವ ಪಿಎಚ್‌ನಲ್ಲಿ 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಹೆಚ್ಚಿದ್ದರೆ ಕ್ಷಾರ. ಆರೋಗ್ಯವಂತ ಚರ್ಮದ ಪಿಎಚ್ 5ರ ಆಸುಪಾಸು. ಬೆಂಟೊನೈಟ್ ಕಲಸಿದ ನೀರಿನದು 9ರ ಹತ್ತಿರ ಹೋಗುತ್ತದೆ. ಸೂಕ್ಷ್ಮ ಚರ್ಮದವರಿಗೆ ಚುರುಗುಟ್ಟುವುದು ಇದರಿಂದಲೇ.

ಕೆಯೊಲಿನ್, ಅಂದರೆ ಚೀನಾ ಮಣ್ಣು. ಬಿಳಿ, ನಯ, ನೀರಿನಲ್ಲಿ ಉಬ್ಬದು. ಕೇರಳದ ತೊನ್ನಕ್ಕಲ್ ಗಣಿ ಇದಕ್ಕೆ ಹೆಸರುವಾಸಿ. ಎಣ್ಣೆ ಹೀರುವುದು ಕಡಿಮೆ, ಚರ್ಮಕ್ಕೆ ಸೌಮ್ಯ. ಕೆನ್ನೆ ಒಣಗಿ ಮೂಗು ಮಾತ್ರ ಜಿಡ್ಡಾಗುವವರು, ಮೊಡವೆಯ ಕ್ರೀಮ್ ಬಳಸುತ್ತಿರುವವರು ಇದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಮುಲ್ತಾನಿ ಮಿಟ್ಟಿ ಸ್ವಲ್ಪ ಕಟುವೆನಿಸಿದರೆ ಎರಡನ್ನೂ ಸಮಪಾಲು ಬೆರೆಸಬಹುದು.

ಗ್ರಂಧಿಗೆ ಅಂಗಡಿಯಲ್ಲಿ ಗಟ್ಟಿ ಹೆಂಟೆಯಾಗಿ ಸಿಗುವ ಮಿಟ್ಟಿ ಅಗ್ಗ. ಅದನ್ನು ಕುಟ್ಟಿ, ತೆಳು ಮಲ್‌ಬಟ್ಟೆಯಲ್ಲಿ ಎರಡು ಸಲ ಜರಡಿ ಹಿಡಿಯಲೇಬೇಕು. ಬೆರಳ ನಡುವೆ ತಿಕ್ಕಿ ನೋಡಿ: ಟಾಲ್ಕಂ ಪುಡಿಯಂತೆ ಜಾರಬೇಕು. ಮರಳಿನ ಕಣ ಒಂದಾದರೂ ತಾಕಿದರೆ ಅದು ತೊಳೆಯುವಾಗ ಮುಖವನ್ನು ಗೀರುತ್ತದೆ. ಪ್ಯಾಕೆಟ್ ಕೊಳ್ಳುವುದಾದರೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ದಿನಾಂಕ ಮೂರೂ ಇವೆಯೇ ನೋಡಿ. ಘಮಘಮ ಎನ್ನುವ ಪುಡಿ ಬೇಡ. ಸುಗಂಧ ಬೆರೆಸಿರುತ್ತಾರೆ, ಅಲರ್ಜಿಗೆ ಅದೇ ದಾರಿ.

ಹೊಲದ ಮಣ್ಣು, ಕೆರೆಯ ಜೇಡಿ, ಹುತ್ತದ ಮಣ್ಣನ್ನು ಅಗೆದು ತಂದು ಮೊಡವೆ ಒಡೆದ ಮುಖಕ್ಕೆ ಹಚ್ಚಬೇಡಿ. ಅದರಲ್ಲಿ ಶಿಲೀಂಧ್ರ, ಧನುರ್ವಾಯುವಿನ ಬೀಜಾಣು, ಕೀಟನಾಶಕದ ಶೇಷ ಏನೂ ಇರಬಹುದು. ಇನ್ನೊಂದು ಮಾತು. ಬಸುರಿಯರಿಗೆ ಮಣ್ಣು ತಿನ್ನುವ ಬಯಕೆ ಹುಟ್ಟುವುದುಂಟು, ಮನೆಯಲ್ಲಿ ಮಿಟ್ಟಿ ಕೈಗೆಟಕುವಂತಿದ್ದರೆ ಬಾಯಿಗೂ ಹೋಗುತ್ತದೆ. ಕೆಲವು ಜೇಡಿಮಣ್ಣುಗಳಲ್ಲಿ ಸೀಸದ ಅಂಶ ಇರುತ್ತದೆ. ಮುಖಕ್ಕೆ ಹಚ್ಚಿ ಹತ್ತು ನಿಮಿಷದಲ್ಲಿ ತೊಳೆಯುವುದು ಬೇರೆ, ತಿನ್ನುವುದು ಬೇರೆ. ಬಯಕೆ ಬಲವಾಗಿದ್ದರೆ ವೈದ್ಯರಿಗೆ ಹೇಳಿ, ರಕ್ತಹೀನತೆಯ ಪರೀಕ್ಷೆ ಮಾಡಿಸಿ.

ಕಲಸಲು ಏನು ಬೇಕು, ಏನು ಬೇಡ

ನೀರು ಸಾಕು. ಕುದಿಸಿ ಆರಿಸಿದ ನೀರಾದರೆ ಇನ್ನೂ ಉತ್ತಮ. ರೋಸ್ ವಾಟರ್ ಬಳಸುವುದಿದ್ದರೆ ಬಾಟಲಿಯ ಪಟ್ಟಿ ಓದಿ, ಬಣ್ಣ, ಸುಗಂಧ ಬೆರೆಸದ್ದನ್ನು ಆರಿಸಿ. ಹುಳಿಯಿಲ್ಲದ ತಾಜಾ ಗಟ್ಟಿ ಮೊಸರು ಒಂದು ಚಮಚ ಸೇರಿಸಿದರೆ ಮಣ್ಣಿನ ಕ್ಷಾರ ಸ್ವಲ್ಪ ತಗ್ಗುತ್ತದೆ, ಪ್ಯಾಕ್ ನಿಧಾನವಾಗಿ ಒಣಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಿಸರಿನ್ ಕಾಲು ಚಮಚ ಹಾಕಿದರೂ ಇದೇ ಅನುಕೂಲ. ಒಣ ಚರ್ಮದವರಿಗೆ ಇದನ್ನು ತಪ್ಪದೆ ಹೇಳಬೇಕು.

ನಿಂಬೆರಸ ಬೇಡವೇ ಬೇಡ. ಅದರ ಪಿಎಚ್ 2ರ ಆಸುಪಾಸು, ಮೊಡವೆ ಒಡೆದ ಜಾಗ ಉರಿಯುತ್ತದೆ. ನಿಂಬೆ ಜಾತಿಯ ಹಣ್ಣಿನ ರಸ ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಎದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾ, ಟೂತ್‌ಪೇಸ್ಟ್, ನೀರು ಬೆರೆಸದ ವಿನೆಗರ್ ಇವನ್ನೂ ದೂರವಿಡಿ. ಅರಿಸಿನ ಕೆಲವರಿಗೆ ಒಗ್ಗುತ್ತದೆ, ಕೆಲವರಿಗೆ ತುರಿಕೆ ತರುತ್ತದೆ. ಮೊಡವೆಗೆ ಮಣ್ಣಿನ ಜೊತೆ ಅದರ ಅಗತ್ಯವಿಲ್ಲ. ತೆಂಗಿನೆಣ್ಣೆ, ಬಾದಾಮಿ ಎಣ್ಣೆ ಬೆರೆಸಿದರೆ ಮಣ್ಣು ಮೊದಲು ಆ ಎಣ್ಣೆಯನ್ನೇ ಕುಡಿಯುತ್ತದೆ, ಮುಖದ್ದನ್ನು ಹೀರಲು ಅದರಲ್ಲಿ ಜಾಗ ಉಳಿಯದು.

ಹಾಕುವ ಕ್ರಮ

1. ಹಿಂದಿನ ದಿನ ಪರೀಕ್ಷೆ. ಕಲಸಿದ ಮಣ್ಣನ್ನು ಕಿವಿಯ ಕೆಳಗೆ ದವಡೆಯ ಅಂಚಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆಯಿರಿ. 24 ಗಂಟೆ ಕಾದು ನೋಡಿ. ಕೆಂಪಾಗಿ ತುರಿಸಿದರೆ ಅಲ್ಲಿಗೆ ಬಿಡಿ.

2. ಮುಖ ತೊಳೆಯಿರಿ. ಸನ್‌ಸ್ಕ್ರೀನ್, ಮೇಕಪ್ ಇದ್ದರೆ ಅದರ ಮೇಲೆ ಮಣ್ಣು ಹಚ್ಚಿ ಪ್ರಯೋಜನವಿಲ್ಲ. ಸೌಮ್ಯವಾದ ಫೇಸ್‌ವಾಶ್, ಉಗುರುಬೆಚ್ಚಗಿನ ನೀರು ಸಾಕು. ಸ್ಕ್ರಬ್ ಬೇಡ. ಗಡ್ಡ ಬೋಳಿಸಿದ ದಿನ, ಥ್ರೆಡಿಂಗ್, ವ್ಯಾಕ್ಸಿಂಗ್ ಆದ ದಿನ ಪ್ಯಾಕ್ ಹಾಕಬಾರದು. ಒಂದೆರಡು ದಿನ ಕಳೆಯಲಿ.

3. ಕಲಸುವುದು. ಬಟ್ಟಲಿಗೆ ಮೊದಲು ಎರಡು ಟೀ ಚಮಚ ನೀರು ಹಾಕಿ, ಅದರ ಮೇಲೆ ಎರಡು ಟೀ ಚಮಚ ಪುಡಿಯನ್ನು ಉದುರಿಸಿ. ಪುಡಿಯ ಮೇಲೆ ನೀರು ಸುರಿದರೆ ಗಂಟು ಕಟ್ಟುತ್ತದೆ. ಐದು ನಿಮಿಷ ಕೈಯಾಡಿಸದೆ ಬಿಡಿ, ಪುಡಿ ತಾನೇ ನೀರು ಹೀರಿಕೊಂಡು ಕೆಳಗಿಳಿಯುತ್ತದೆ. ಆಮೇಲೆ ಕಲಸಿ, ಬೇಕಾದರೆ ಅರ್ಧರ್ಧ ಚಮಚ ನೀರು ಸೇರಿಸುತ್ತ ಹೋಗಿ. ಚಮಚ ಎತ್ತಿದಾಗ ಪಟ್ಟಿಯಾಗಿ ಮೆಲ್ಲಗೆ ಜಾರಿ ಬೀಳಬೇಕು. ಬೆಂಟೊನೈಟಿಗೆ ಇದರ ದುಪ್ಪಟ್ಟಿಗಿಂತ ಹೆಚ್ಚು ನೀರು ಬೇಕಾಗುತ್ತದೆ, ಉಬ್ಬಲು ಹತ್ತು ನಿಮಿಷ ಕೊಡಿ. ಸ್ಟೀಲ್ ಬಟ್ಟಲು ಮುಟ್ಟಿಸಲೇಬಾರದು ಎಂಬುದು ಅತಿಯಾದ ಭಯ. ಹತ್ತು ನಿಮಿಷಕ್ಕೆ ಸ್ಟೀಲಿನಿಂದ ಏನೂ ಆಗದು.

4. ಹಚ್ಚುವುದು. ಮುಖ ಸ್ವಲ್ಪ ಒದ್ದೆ ಇರಲಿ. ಹಣೆ, ಮೂಗು, ಗಲ್ಲ ಮೊದಲು, ಜಿಡ್ಡಿರುವುದು ಅಲ್ಲೇ. ಕೆನ್ನೆಗೆ ಕೊನೆಯಲ್ಲಿ, ತೆಳ್ಳಗೆ, ಒಣ ಕೆನ್ನೆಯಾದರೆ ಹಚ್ಚುವುದೇ ಬೇಡ. ಕಣ್ಣಿನ ಸುತ್ತ ಒಂದೂವರೆ ಬೆರಳು ಜಾಗ ಬಿಡಿ. ತುಟಿ, ಮೂಗಿನ ಹೊಳ್ಳೆಯ ಮಡಿಕೆ, ಒಡೆದ ಮೊಡವೆ, ಗಾಯ ಇವನ್ನು ತಪ್ಪಿಸಿ. ಪದರ ಒಂದೆರಡು ಮಿಲಿಮೀಟರ್ ದಪ್ಪವಿರಲಿ, ಚರ್ಮದ ಬಣ್ಣ ಕಾಣದಷ್ಟು. ತೆಳ್ಳಗೆ ಬಳಿದದ್ದು ಎರಡೇ ನಿಮಿಷಕ್ಕೆ ಒಣಗಿ ಬಿಗಿಯುತ್ತದೆ. ಮುಖ ಉರಿಯಿತು ಎನ್ನುವವರಲ್ಲಿ ಹಲವರು ಮಾಡುವ ತಪ್ಪು ಇದೇ.

5. ಹದ ನೋಡುವುದು. ಗಡಿಯಾರಕ್ಕಿಂತ ಬೆರಳನ್ನು ನಂಬಿ. ಪ್ಯಾಕ್ ಮೊದಲು ಹಸಿಯಾಗಿ ಹೊಳೆಯುತ್ತದೆ. ನಂತರ ಅಂಚು, ಮೂಗಿನ ತುದಿ ತಿಳಿಬಣ್ಣಕ್ಕೆ ತಿರುಗುತ್ತವೆ, ನಡುವೆ ಬೆರಳಿಟ್ಟರೆ ಅಂಟಿಯೂ ಅಂಟದಂತೆ ಇರುತ್ತದೆ, ಬೆರಳಚ್ಚು ಮೂಡುತ್ತದೆ. ತೆಗೆಯಬೇಕಾದ ಹೊತ್ತು ಅದೇ. ಸಾಮಾನ್ಯವಾಗಿ 7ರಿಂದ 10 ನಿಮಿಷ. ಮೂರನೆಯ ಹಂತದಲ್ಲಿ ಇಡೀ ಮುಖ ಬೆಳ್ಳಗಾಗಿ, ಬಾಯಿ ಆಡಿಸಿದರೆ ಬಿರುಕು ಬಿಡುತ್ತದೆ, ಅಲ್ಲಿಯವರೆಗೆ ಹೋಗಬಾರದು. ಮೂಗಿನ ಮೇಲೆ ಒಂದು ಭಾಗ ಬೇಗ ಒಣಗಿದರೆ ಒದ್ದೆ ಬೆರಳಿನಿಂದ ಸವರಿ. ಫ್ಯಾನು ಆರಿಸಿ.

6. ತೊಳೆಯುವುದು. ಎರಡೂ ಅಂಗೈಯಲ್ಲಿ ನೀರು ತುಂಬಿ ಮುಖಕ್ಕೆ ಒತ್ತಿ ಹಿಡಿಯಿರಿ, ಅರ್ಧ ನಿಮಿಷ ಹೀಗೆ ಮಾಡಿ. ಮಣ್ಣು ಮತ್ತೆ ಕೆಸರಾದ ಮೇಲೆ ಬೆರಳ ತುದಿಯಿಂದ ಸವರಿ ಇಳಿಸಿ. ಹುಬ್ಬು, ಕಿವಿಯ ಬದಿ, ಹಣೆಯ ಕೂದಲ ಗೆರೆಯಲ್ಲಿ ಉಳಿಯುವುದು ಹೆಚ್ಚು, ಅಲ್ಲಿ ಮೆತ್ತನೆಯ ಒದ್ದೆ ಬಟ್ಟೆ ಒತ್ತಿ ತೆಗೆಯಿರಿ. ಮತ್ತೆ ಸೋಪು ಬೇಡ. ಬಟ್ಟಲನ್ನು ಸಿಂಕಿನಲ್ಲಿ ತೊಳೆದರೆ ಮಣ್ಣು ಪೈಪಿನೊಳಗೆ ಕೂತು ಕಟ್ಟುತ್ತದೆ. ಉಳಿದದ್ದನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ.

7. ಮಾಯಿಶ್ಚರೈಸರ್. ಮುಖ ಒತ್ತಿ ಒರೆಸಿ, ಇನ್ನೂ ತೇವ ಇರುವಾಗಲೇ ಹಚ್ಚಿ. ಎಣ್ಣೆ ಚರ್ಮಕ್ಕೆ ಇದು ಬೇಕಿಲ್ಲ ಎಂದು ಬಿಡುವವರೇ ಹೆಚ್ಚು. ಗ್ಲಿಸರಿನ್ ಅಥವಾ ನಿಯಾಸಿನಮೈಡ್ ಇರುವ ಜೆಲ್ ಮಾದರಿಯದು ಜಿಡ್ಡು ಮಾಡದು. ಹಗಲಾದರೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿಯೇ ಹೊರಡಿ. ಸಾಧ್ಯವಾದರೆ ಪ್ಯಾಕನ್ನು ಸಂಜೆಗೇ ಇಟ್ಟುಕೊಳ್ಳಿ.

ಕಲಸಿದ್ದು ಉಳಿದರೆ ಫ್ರಿಜ್ಜಿನಲ್ಲಿಟ್ಟು ನಾಳೆ ಬಳಸುವಂತಿಲ್ಲ. ಒದ್ದೆ ಮಣ್ಣಿನಲ್ಲಿ, ಅದರಲ್ಲೂ ಮೊಸರು ಬೆರೆಸಿದ್ದರಲ್ಲಿ, ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಒಣ ಪುಡಿಯ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ.

ವಾರಕ್ಕೆ ಎಷ್ಟು ಸಲ?

ಎಣ್ಣೆ ಚರ್ಮಕ್ಕೆ ವಾರಕ್ಕೆ ಎರಡು, ಮಿಶ್ರ ಚರ್ಮಕ್ಕೆ ಒಂದು, ಒಣ ಚರ್ಮಕ್ಕೆ ಹತ್ತು ಹದಿನೈದು ದಿನಕ್ಕೊಮ್ಮೆ ಮೂಗಿಗೆ ಮಾತ್ರ. ಇದಕ್ಕೂ ಮೇಲೆ ಊರಿನ ಹವೆ ನೋಡಬೇಕು. ಮಂಗಳೂರು, ಕಾರವಾರದ ಬೆವರಿನ ಹವೆಯಲ್ಲಿ ಎರಡು ಸಲ ಒಗ್ಗಿದ ಮುಖಕ್ಕೆ, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಒಂದೇ ಹೆಚ್ಚಾಗಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯ ಒಣ ಗಾಳಿಯಲ್ಲಿ ಪ್ಯಾಕ್ ಐದೇ ನಿಮಿಷಕ್ಕೆ ಹದಕ್ಕೆ ಬಂದುಬಿಡುತ್ತದೆ. ಕೊಡಗು, ಆಗುಂಬೆಯ ಮಳೆಗಾಲದಲ್ಲಿ ಕಾಲು ಗಂಟೆಯಾದರೂ ಒಣಗದು. ಹತ್ತು ನಿಮಿಷಕ್ಕೆ ತೆಗೆಯಿರಿ, ಒಣಗಲೇಬೇಕೆಂದೇನಿಲ್ಲ.

ಮದುವೆ, ಹಬ್ಬಕ್ಕೆ ಸಿದ್ಧವಾಗುವವರು ಹೊಸ ಪ್ಯಾಕನ್ನು ಆ ವಾರ ಮೊದಲ ಸಲ ಪ್ರಯತ್ನಿಸಬಾರದು. ಒಗ್ಗಿದ್ದನ್ನೂ ಎರಡು ಮೂರು ದಿನ ಮೊದಲೇ ಮುಗಿಸಿ.

ಎಲ್ಲಿ ಕೆಡುತ್ತದೆ?

ತೊಳೆದ ಮೇಲೆ ತಿಳಿ ಕೆಂಪು ಕಾಣಿಸಿ ಅರ್ಧ ಗಂಟೆಯಲ್ಲಿ ಇಳಿದರೆ ಚಿಂತೆಯಿಲ್ಲ. ಗಂಟೆಗಟ್ಟಲೆ ಉಳಿದರೆ, ಮುಗುಳ್ನಕ್ಕರೆ ಕೆನ್ನೆ ಎಳೆದಂತಾದರೆ, ಮಾರನೆಯ ದಿನ ಸಿಪ್ಪೆ ಎದ್ದರೆ ಚರ್ಮದ ಮೇಲಿನ ರಕ್ಷಣಾ ಪದರಕ್ಕೆ ಪೆಟ್ಟಾಗಿದೆ ಎಂದರ್ಥ. ಎರಡು ವಾರ ಪ್ಯಾಕ್ ನಿಲ್ಲಿಸಿ, ಬರೀ ಸೌಮ್ಯ ಫೇಸ್‌ವಾಶ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಸಾಕು. ನಮ್ಮ ಕಂದು ಚರ್ಮದಲ್ಲಿ ಇದು ಸಣ್ಣ ಮಾತಲ್ಲ. ಉರಿ ಎದ್ದ ಜಾಗದಲ್ಲಿ ಮೆಲನಿನ್ ಹೆಚ್ಚಿ ಕಪ್ಪು ಕಲೆ ಕೂರುತ್ತದೆ. ಮೊಡವೆ ವಾರದಲ್ಲಿ ಹೋಗುತ್ತದೆ, ಕಲೆ ತಿಂಗಳುಗಟ್ಟಲೆ ಇರುತ್ತದೆ. ಪ್ಯಾಕ್ ಉರಿದರೂ ತಡೆದುಕೊಂಡು ಕೂರಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ.

ಪ್ಯಾಕ್ ಹಾಕಿದ ಮೇಲೆ ಹೊಸ ಮೊಡವೆ ಎದ್ದರೆ, ಒಳಗಿನ ವಿಷ ಹೊರಬರುತ್ತಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ಮೊಡವೆ ಮೊದಲು ಹೆಚ್ಚಿ ಆಮೇಲೆ ತಗ್ಗುವುದು ಅಡಾಪಲಿನ್‌ನಂಥ ರೆಟಿನಾಯ್ಡ್ (ವಿಟಮಿನ್ ಎ ಬಗೆಯ) ಮುಲಾಮುಗಳಲ್ಲಿ ಉಂಟು, ಕೋಶಗಳ ಹುಟ್ಟು ಉದುರನ್ನು ಅವು ಚುರುಕು ಮಾಡುವುದರಿಂದ. ಮಣ್ಣಿಗೆ ಆ ಗುಣವಿಲ್ಲ. ಮಣ್ಣು ಹಚ್ಚಿದ ಮೇಲೆ ಗುಳ್ಳೆ ಎದ್ದರೆ ಅದು ಕೆರಳಿಕೆ, ಇಲ್ಲವೇ ಬೆರೆಸಿದ ಯಾವುದೋ ಪದಾರ್ಥ ಒಗ್ಗುತ್ತಿಲ್ಲ.

ಒಣಗುತ್ತಿರುವ ಪ್ಯಾಕಿನ ಮೇಲೆ, ಮೂಗಿನ ಭಾಗದಲ್ಲಿ, ಸೂಜಿಮೊನೆಯಷ್ಟು ಕಡುಬಣ್ಣದ ಚುಕ್ಕೆಗಳು ಮೂಡುವುದುಂಟು. ರಂಧ್ರದ ಬಾಯಿಂದ ಎಣ್ಣೆ ಮಣ್ಣಿನೊಳಗೆ ಏರಿದ ಗುರುತು ಅವು. ಬ್ಲ್ಯಾಕ್‌ಹೆಡ್ ಬೇರುಸಮೇತ ಬಂತು ಎಂದುಕೊಂಡು ಇನ್ನಷ್ಟು ಹೊತ್ತು ಬಿಡುವ ಅಗತ್ಯವಿಲ್ಲ. ಚುಕ್ಕೆ ಕಂಡಿತೆಂದರೆ ಮಣ್ಣಿನ ಕೆಲಸ ನಡೆದಿದೆ, ತೊಳೆಯಬಹುದು.

ಹಣೆಯ ಮೇಲೆ ಒಂದೇ ಗಾತ್ರದ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದು ತುರಿಸುತ್ತಿದ್ದರೆ ಅದು ಮೊಡವೆಯೇ ಆಗಿರಬೇಕೆಂದಿಲ್ಲ. ಕರಾವಳಿಯ ಸೆಕೆಯಲ್ಲಿ ಯೀಸ್ಟ್‌ನಿಂದ ಹೀಗಾಗುವುದು ಸಾಮಾನ್ಯ, ಅದಕ್ಕೆ ಬೇರೆಯೇ ಔಷಧಿ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದೂ ಗುಳ್ಳೆ ಏಳುತ್ತದೆ. ರಾತ್ರಿಯಿಡೀ ಎಣ್ಣೆ ಬಿಡುವ ಬದಲು ತಲೆ ತೊಳೆಯುವ ಒಂದೆರಡು ಗಂಟೆ ಮೊದಲು ಹಚ್ಚಿ, ದಿಂಬಿನ ಕವರ್ ವಾರಕ್ಕೊಮ್ಮೆ ಬದಲಿಸಿ. ಎಷ್ಟೋ ಹಣೆಗಳಿಗೆ ಪ್ಯಾಕಿಗಿಂತ ಇದೇ ಹೆಚ್ಚು ಉಪಕಾರಿ.

ಔಷಧಿಯ ಜೊತೆ ಹೊಂದಿಸುವುದು

ಬಿರಡೆ ಬಿಡಿಸುವ ಕೆಲಸ ಸ್ಯಾಲಿಸಿಲಿಕ್ ಆಮ್ಲದ್ದು. ಎಣ್ಣೆಯಲ್ಲಿ ಕರಗುವ ಗುಣ ಇರುವುದರಿಂದ ರಂಧ್ರದೊಳಕ್ಕೆ ಇಳಿಯುತ್ತದೆ. ಶೇ 2ರ ಫೇಸ್‌ವಾಶ್ ಅಥವಾ ಸೀರಮ್ ಸಾಕು. ಕೆಂಪು ಮೊಡವೆಗೆ ಶೇ 2.5ರ ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಟವೆಲ್ಲು ದಿಂಬಿಗೆ ತಾಗಿದರೆ ಬಣ್ಣ ಬಿಡಿಸುತ್ತದೆ. ಶೇ 0.1ರ ಅಡಾಪಲಿನ್ ಹೊಸ ಬಿರಡೆ ಕಟ್ಟದಂತೆ ತಡೆಯುತ್ತದೆ. ಬಸುರಿಯರಿಗೆ, ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಅದು ಬೇಡ. ಇವುಗಳ ಫಲ ಕಾಣಲು 8ರಿಂದ 12 ವಾರ ಹಿಡಿಯುತ್ತದೆ. ಇವನ್ನು ಹಚ್ಚುವ ರಾತ್ರಿ ಮಣ್ಣು ಬೇಡ. ಪ್ಯಾಕ್ ಹಾಕಿದ ರಾತ್ರಿ ಬರೀ ಮಾಯಿಶ್ಚರೈಸರ್. ತೀವ್ರ ಮೊಡವೆಗೆ ವೈದ್ಯರು ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರ ಚರ್ಮ ಮೊದಲೇ ಒಣಗಿರುತ್ತದೆ, ಮಾತ್ರೆ ಮುಗಿಯುವವರೆಗೆ ಮಣ್ಣಿನ ಸುದ್ದಿಯೇ ಬೇಡ.

ಗಂಟುಗಂಟಾಗಿ ನೋಯುವ ಮೊಡವೆ, ಗುಳಿ ಬೀಳುತ್ತಿರುವ ಕಲೆ, ಮುಟ್ಟಿನ ಏರುಪೇರಿನ ಜೊತೆ ಗಲ್ಲದಲ್ಲಿ ಏಳುವ ಮೊಡವೆ ಮತ್ತು ಕೂದಲು, ಮೂರು ತಿಂಗಳಾದರೂ ಜಗ್ಗದ ಮೊಡವೆ, ಇವಕ್ಕೆ ಚರ್ಮವೈದ್ಯರನ್ನು ಕಾಣಲೇಬೇಕು. ಹೋಗುವಾಗ ಮುಖಕ್ಕೆ ಹಚ್ಚುತ್ತಿರುವ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ: ಪ್ಯಾಕಿನ ಪುಡಿ, ಫೇಸ್‌ವಾಶ್, ಗೆಳತಿ ಹೇಳಿದ ಟ್ಯೂಬು, ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡ ಕ್ರೀಮು. ಆ ಕೊನೆಯದರಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ಮೊದಲ ವಾರ ಮುಖ ನಯವಾಗಿ, ಆಮೇಲೆ ಚರ್ಮ ತೆಳ್ಳಗಾಗಿ, ಬಿಟ್ಟರೆ ಕೆಂಪೇರಿ ಮೊಡವೆ ಉಕ್ಕುವುದು ಅದರಿಂದ. ಅಂಥ ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ ಮುಖಕ್ಕೆ ಯಾವ ಮಣ್ಣೂ ಬೇಡ. ಅದನ್ನು ಹೇಗೆ ಬಿಡಬೇಕು ಎಂಬುದನ್ನು ವೈದ್ಯರೇ ಹೇಳಬೇಕು.